ಹನ್ನೊಂದು ವರ್ಷದ ಅಳಿಯ

"ಕದ್ದ ಮಾಲು ನನ್ನ ಹೊಸ್ತಿಲು ದಾಟಿ ಒಳಗೆ ಬರಕೂಡದು. ಸಿನಿಮಾ ತಾನೇ? ದುಡ್ಡು ಕೊಟ್ಟು, ರಾಜಾರೋಷವಾಗಿ ಕೊಂಡು ತರ್ತೀನಿ. ಅರ್ಧ ಗಂಟೆ ಕೆಲಸ!"

ದಂತವೈದ್ಯರು ಹೀಗೆ ಘೋಷಿಸಿದ್ದು ಊಟದ ಮೇಜಿನ ಮುಂದೆ, ಚಮಚವನ್ನು ಖಡ್ಗದಂತೆ ಎತ್ತಿ ಹಿಡಿದು. ಮೊಸರು ತೋಳಿನ ಮೇಲೆ ಇಳಿಯುತ್ತಿತ್ತು, ಅದು ಅವರ ಗಮನಕ್ಕೆ ಬರಲಿಲ್ಲ. ಧರ್ಮಯುದ್ಧಕ್ಕೆ ಹೊರಟವರಿಗೆ ಮೊಸರಿನ ಪರಿವೆ ಎಲ್ಲಿಯದು?

ಅವರ ಪ್ರಾಮಾಣಿಕತೆ ಆ ಬೀದಿಗೆಲ್ಲ ಗೊತ್ತಿದ್ದದ್ದೇ. ಬೇರೆ ಹಲ್ಲಿನ ಡಾಕ್ಟರುಗಳು ಇಕ್ಕಳ ಕೈಗೆತ್ತಿಕೊಂಡು "ಏನೂ ನೋವಾಗಲ್ಲ" ಎಂದು ನಗುತ್ತಾರೆ. ಇವರು "ಚೆನ್ನಾಗಿ ನೋವಾಗತ್ತೆ, ಕುರ್ಚಿ ಗಟ್ಟಿಯಾಗಿ ಹಿಡ್ಕೊಳ್ಳಿ" ಎನ್ನುತ್ತಾರೆ. ಅದಕ್ಕೇ ಅವರ ಮಾತಿಗೆ ಬೆಲೆ ಹೆಚ್ಚು, ಕ್ಲಿನಿಕ್ಕಿನಲ್ಲಿ ಜನ ಕಡಿಮೆ.

ಈ ಯುದ್ಧಕ್ಕೆ ಕಾರಣ ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ. ಆಕೆ ತುಂಬು ಗರ್ಭಿಣಿಯಾಗಿದ್ದಾಗ ಗಂಡನ ಜೊತೆ ಒಂದು ಸಿನಿಮಾಕ್ಕೆ ಹೋಗಿದ್ದರು. ಕಥಾನಾಯಕ ರೈಲು ಡ್ರೈವರು. ಹೆಂಡತಿಯ ಪಿಟೀಲನ್ನು ಅವಳಿಗೆ ಹೇಳದೆ ಮಾರಿಬಿಡುತ್ತಾನೆ. ಅವಳು ಅವನ ಮುಖದ ಮೇಲೆ ಬಾಗಿಲು ಹಾಕುತ್ತಾಳೆ, ದಢಾರ್ ಎಂದು. ಇಂಟರ್ವಲ್. ಪರದೆಯ ಮೇಲೆ ಬಾಗಿಲು ಬಡಿದದ್ದೇ ತಡ, ಇತ್ತ ಅತ್ತೆಗೆ ಹೆರಿಗೆ ನೋವು ಶುರುವಾಯಿತು. ಚಿತ್ರಮಂದಿರದಿಂದ ನೇರ ಆಸ್ಪತ್ರೆಗೆ. ಹುಟ್ಟಿದ್ದು ದಂತವೈದ್ಯರ ಹೆಂಡತಿ.

ಮುಂದಿನ ಕಥೆಯನ್ನು ಮಾವ ಹೇಳಿದರು. ವಾರದೊಳಗೆ ಒಬ್ಬರೇ ಹೋಗಿ ಪೂರ್ತಿ ನೋಡಿಕೊಂಡು ಬಂದು, ಬಾಣಂತಿಯ ಮಂಚದ ಪಕ್ಕ ಕೂತು ವಿವರಿಸಿದರು. ಡ್ರೈವರು ಮರಳಿ ಬರುತ್ತಾನಂತೆ. ಬಾಗಿಲಲ್ಲಿ ನಿಂತು "ತಪ್ಪೆಲ್ಲ ನನ್ನದೇ" ಎನ್ನುತ್ತಾನಂತೆ. ಆಮೇಲೆ ತಾನೇ ಅಡುಗೆಮನೆಗೆ ಹೋಗಿ ಕಾಫಿ ಮಾಡಿ ಹೆಂಡತಿಯ ಕೈಗೆ ಕೊಡುತ್ತಾನಂತೆ. ಶುಭಂ. ಅಂದಿನಿಂದ ಆ ಮನೆಯಲ್ಲಿ ಜಗಳವಾದಾಗಲೆಲ್ಲ ಮಾವ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಎದ್ದು ಹೋಗಿ ಕಾಫಿ ಮಾಡಿ ತರುತ್ತಿದ್ದರು. "ಸಿನಿಮಾದಲ್ಲೂ ಹಾಗೇ ಅಲ್ವಾ?" ಎನ್ನುತ್ತಿದ್ದರು. ಅತ್ತೆಯ ಇಡೀ ಸಂಸಾರ ಆ ಕಾಫಿಯ ಮೇಲೆ ನಿಂತಿತ್ತು ಎಂದರೂ ಸರಿಯೇ.

ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಬಂದರು. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಎದುರುಮನೆ ಟೀಚರು ಅದೇ ಸಿನಿಮಾವನ್ನು ತಮ್ಮ ಫೋನಿನಲ್ಲಿ ನೋಡಿಬಿಟ್ಟರು. ಯಾರೋ ಯಾರಿಗೋ ಕಳಿಸಿ, ಅವರು ಇನ್ಯಾರಿಗೋ ಕಳಿಸಿ, ಹೀಗೆ ಪುಕ್ಕಟೆ ಉರುಳಿ ಬಂದದ್ದು. ನೋಡಿ ಸುಮ್ಮನಿರಬಾರದೇ? ಟೀಚರಾಗಿದ್ದವರು, ತಪ್ಪು ಉತ್ತರ ಕೇಳಿದರೆ ತಿದ್ದದೆ ಇರಲಾರರು. ಗೇಟಿನ ಹತ್ತಿರ ನಿಂತು ಅತ್ತೆಗೆ ಹೇಳಿಯೇ ಬಿಟ್ಟರು.

"ಕಾಫಿನೂ ಇಲ್ಲ, ಕ್ಷಮೆನೂ ಇಲ್ಲ ಕಣ್ರೀ. ಕೊನೇಲಿ ಅವಳೇ ರೈಲಿನ ಹಿಂದೆ ಓಡಿಹೋಗಿ ತಪ್ಪಾಯ್ತು ಅಂತ ಅಳ್ತಾಳೆ. ನಿಮ್ಮೆಜಮಾನ್ರು ನಿಮಗೆ ಬುರುಡೆ ಬಿಟ್ಟಿದಾರೆ."

ಅತ್ತೆ ಅಳಲಿಲ್ಲ, ಜಗಳವಾಡಲಿಲ್ಲ. ಮನೆಯೊಳಗೆ ಬಂದು, ಗಂಡನ ಫೋಟೊವನ್ನು ಗೋಡೆಯ ಕಡೆಗೆ ತಿರುಗಿಸಿದರು. "ನಿಜ ಏನೂಂತ ಗೊತ್ತಾಗೋವರೆಗೂ ಹೀಗೇ ಇರ್ಲಿ" ಎಂದರು. ಮರುದಿನದಿಂದ ಕಾಫಿ ಬಿಟ್ಟರು. ಮೂರನೆಯ ದಿನಕ್ಕೆ ಮಾತೂ ಕಡಿಮೆಯಾಯಿತು. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ ಸುಳ್ಳುಗಾರನೋ ಅಲ್ಲವೋ ಎಂದು ತಾಯಿ ಈ ವಯಸ್ಸಿನಲ್ಲಿ ಲೆಕ್ಕ ಹಾಕುತ್ತ ಕೂರುವುದನ್ನು ಯಾವ ಮಗಳು ನೋಡಿಯಾಳು?

"ರೀ, ಟೀಚರ್ ಹತ್ರ ಕೇಳಿದ್ರೆ ಒಂದು ನಿಮಿಷದಲ್ಲಿ ಕಳಿಸ್ತಾರೆ. ಅಮ್ಮ ನೋಡ್ಲಿ, ಏನಿದ್ರೂ ಇತ್ಯರ್ಥ ಆಗ್ಲಿ" ಎಂದಳು.

ಆಗಲೇ ದಂತವೈದ್ಯರು ಚಮಚ ಎತ್ತಿದ್ದು.

ಮೊದಲನೆಯ ಅಂಗಡಿ, ಅಂದರೆ ಇಂಟರ್ನೆಟ್ಟಿನ ಅಂಗಡಿ, ಬಹಳ ಮರ್ಯಾದಸ್ಥರದು. ಸಿನಿಮಾದ ಬಣ್ಣದ ಚಿತ್ರ ತೋರಿಸಿತು, ನಾಯಕಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿತು. 'ಕೊಳ್ಳಿ' ಒತ್ತಿದ ಕೂಡಲೇ "ಕ್ಷಮಿಸಿ, ನೀವಿರುವ ಪ್ರದೇಶದಲ್ಲಿ ಈ ಚಿತ್ರ ಲಭ್ಯವಿಲ್ಲ" ಎಂದಿತು.

"ಇದೇನಿದು?" ದಂತವೈದ್ಯರು ಕಿಟಕಿಯಿಂದ ಆಚೆ ನೋಡಿದರು. "ಆ ಸಿನಿಮಾದಲ್ಲಿ ರೈಲು ಓಡೋದು ನಮ್ಮ ಸೇತುವೆ ಮೇಲೇ. ನಾನು ದಿನಾ ಅದರ ಕೆಳಗೇ ಕ್ಲಿನಿಕ್ಕಿಗೆ ಹೋಗ್ತೀನಿ!"

"ಹಾಗಾದ್ರೆ ಬಿಡಿ" ಎಂದಳು ಹೆಂಡತಿ, "ಸೇತುವೆ ಕೆಳಗಿರೋರನ್ನ ಬಿಟ್ಟು ಭೂಮಂಡಲದಲ್ಲಿ ಯಾರು ಬೇಕಾದ್ರೂ ನೋಡಬಹುದು."

ಎರಡನೆಯ ಅಂಗಡಿಯಲ್ಲಿ ಸಿನಿಮಾದ ಹೆಸರು ಕಂಡಿತು, ಬೆಲೆ ಕಂಡಿತು. ದಂತವೈದ್ಯರು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೊಂಡುಬಿಟ್ಟರು. ಅತ್ತೆಯನ್ನು ಕರೆದು ಸೋಫಾದ ಮೇಲೆ ಕೂರಿಸಿ, ದೀಪ ಆರಿಸಿ, ಗುಂಡಿ ಒತ್ತಿದರು. ಹಾಡು ಬಂತು. ಇನ್ನೊಂದು ಹಾಡು ಬಂತು. ಚಿತ್ರ ಬರಲಿಲ್ಲ. ಅವರು ಕೊಂಡದ್ದು ಬರೀ ಹಾಡುಗಳನ್ನು.

"ಹಾಡು ನನಗೆ ಬಾಯಿಪಾಠ ಇದೆ ಅಳಿಯಂದಿರೇ" ಎಂದರು ಅತ್ತೆ, ಕತ್ತಲಲ್ಲಿ. "ಕೊನೆ ಎಲ್ಲಿದೆ?"

"ಬರತ್ತೆ ಅತ್ತೆ. ಸ್ವಲ್ಪ ತಾಳಿ."

"ತಾಳೋದು ನನಗೇನು ಹೊಸದಲ್ಲ. ಇವಳು ಹುಟ್ಟಿದಾಗಿನಿಂದ ತಾಳ್ತಾ ಇದೀನಿ."

ಮೂರನೆಯ ಅಂಗಡಿಯಲ್ಲಿ ಸಿನಿಮಾ ಇತ್ತು, ಪೂರ್ತಿ ಇತ್ತು, ಸೇತುವೆ ಕೆಳಗಿನವರಿಗೂ ಇತ್ತು. ಆ ಅಂಗಡಿಯಲ್ಲಿ ದಂತವೈದ್ಯರ ಖಾತೆಯೂ ಇತ್ತು. ಕ್ಲಿನಿಕ್ಕಿಗೆ ಬರುವ ಮಕ್ಕಳು ಅಳದಿರಲೆಂದು ಹಲ್ಲಿನ ಕುರ್ಚಿಯ ಮೇಲೆ, ಚಾವಣಿಗೆ, ಒಂದು ಟಿವಿ ಹಾಕಿಸಿದ್ದರು. ಅದರಲ್ಲಿ ಕಾರ್ಟೂನು ತೋರಿಸಲು ಆಗ ತೆರೆದದ್ದು. ಮೀಸೆ ತಿರುವಿ ದುಡ್ಡು ಕಟ್ಟಿದರು. ದುಡ್ಡು ತಕ್ಷಣ ಹೋಯಿತು. ಆಮೇಲೆ ಪರದೆಯ ಮೇಲೆ ಒಂದು ನಗುವ ಕರಡಿಮರಿ ಕಾಣಿಸಿಕೊಂಡು, "ಈ ಚಿತ್ರ ದೊಡ್ಡವರಿಗಾಗಿ. ನಿನಗೆ ಇನ್ನೂ ಹನ್ನೊಂದು ವರ್ಷ! ಪೋಷಕರ ಅನುಮತಿ ಕೇಳು" ಎಂದಿತು.

ಹೆಂಡತಿ ಕರಡಿಮರಿಯನ್ನೂ ಗಂಡನನ್ನೂ ಸರದಿಯಂತೆ ನೋಡಿದಳು.

"ಏನ್ ಮಾಡಿದ್ರಿ ನೀವು?"

ಮಾಡಿದ್ದು ಇಷ್ಟೇ. ಹುಟ್ಟಿದ ದಿನವನ್ನು ಗುರುತಿಲ್ಲದವರಿಗೆ ಹೇಳುವುದೆಂದರೆ ಬೀರುವಿನ ಬೀಗದಕೈ ಕೊಟ್ಟಂತೆ ಎಂದು ದಂತವೈದ್ಯರು ನಂಬಿದ್ದರು. ಹಾಗಾಗಿ ಯಾರು ಕೇಳಿದರೂ ಕ್ಲಿನಿಕ್ಕಿನ ಪ್ರಾರಂಭೋತ್ಸವದ ತಾರೀಖು ಬರೆಯುತ್ತಿದ್ದರು. ಕ್ಲಿನಿಕ್ಕಿಗೆ ಈಗ ಹನ್ನೊಂದು ತುಂಬಿತ್ತು.

"ಸುಳ್ಳೇ ಹೇಳಲ್ಲ ಅಂತೀರಲ್ಲ, ಇದೇನು ಮತ್ತೆ?"

"ಇದು ಸುಳ್ಳಲ್ಲ. ಮುನ್ನೆಚ್ಚರಿಕೆ."

"ದುಡ್ಡು ತಗೊಳ್ಳೋವಾಗ ಆ ಕರಡಿಗೆ ವಯಸ್ಸು ಕಾಣಿಸ್ಲಿಲ್ವಂತಾ?"

ಈ ಪ್ರಶ್ನೆ ನ್ಯಾಯವಾದದ್ದು. ಅದನ್ನು ಕರಡಿಗೇ ಕೇಳೋಣವೆಂದು ದಂತವೈದ್ಯರು ಸಹಾಯವಾಣಿಗೆ ಫೋನು ಹಚ್ಚಿದರು. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿಯ ಸಿಹಿಯಾದ ಧ್ವನಿ ಬಂತು.

"ಹಲೋ ಪುಟ್ಟಾ! ನಿನಗೇನು ಸಹಾಯ ಬೇಕು?"

ದಂತವೈದ್ಯರು ಹಿಂದೆ ಯಾರಾದರೂ ಮಗು ನಿಂತಿದೆಯೇ ಎಂದು ತಿರುಗಿ ನೋಡಿದರು.

"ನಾನು ಪುಟ್ಟ ಅಲ್ಲಮ್ಮ. ನನಗೆ ಐವತ್ತು ದಾಟಿದೆ."

"ಹಾಗೆಲ್ಲ ಹೇಳಬಾರದು ಪುಟ್ಟಾ. ಇಲ್ಲಿ ಹನ್ನೊಂದು ಅಂತ ತೋರಿಸ್ತಿದೆ."

"ನನ್ನ ಧ್ವನಿ ಕೇಳಿದ್ರೇ ಗೊತ್ತಾಗಲ್ವಾ?"

"ಧ್ವನಿ ಕೇಳಿ ವಯಸ್ಸು ಬದಲಾಯಿಸೋ ಅಧಿಕಾರ ನಮಗಿಲ್ಲ. ಮನೇಲಿ ಯಾರಾದ್ರೂ ದೊಡ್ಡೋರಿದ್ರೆ ಫೋನ್ ಕೊಡು."

"ಮನೇಲಿ ದೊಡ್ಡೋನು ನಾನೇ!"

"ಎಲ್ಲಾ ಮಕ್ಕಳೂ ಹಾಗೇ ಹೇಳ್ತಾರೆ, ಪುಟ್ಟಾ."

ದಂತವೈದ್ಯರು ಫೋನನ್ನು ಹೆಂಡತಿಯ ಕಡೆ ಚಾಚಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಹೆಂಡತಿಯಾಗಿಯೇ ಸಾಕಾಗಿದೆ. ಇನ್ನು ನಿಮಗೆ ತಾಯಿ ಬೇರೆ ಆಗೋಕೆ ನನ್ನ ಕೈಲಾಗಲ್ಲ" ಎಂದಳು. ಉಳಿದವರು ಅತ್ತೆ. ಅತ್ತೆ ಗಂಭೀರವಾಗಿ ಫೋನು ತೆಗೆದುಕೊಂಡರು.

"ಮೇಡಂ, ಈ ಮಗು ನಿಮಗೇನಾಗಬೇಕು?"

"ಅಳಿಯ."

ಆ ಕಡೆಯ ಸಿಹಿ ಧ್ವನಿಯಲ್ಲಿ ಈಗ ಸಿಹಿ ಇರಲಿಲ್ಲ. "ಮೇಡಂ, ಹನ್ನೊಂದು ವರ್ಷದ ಹುಡುಗನಿಗೆ ಮದುವೆ ಮಾಡಿದೀರಾ? ಇದು ಅಪರಾಧ ಅಂತ ನಿಮಗೆ ಗೊತ್ತಿದೆಯಾ? ನಾನು ಮೇಲಿನವರಿಗೆ ತಿಳಿಸಬೇಕಾಗತ್ತೆ."

ಪ್ರಾಮಾಣಿಕವಾಗಿ ಸಿನಿಮಾ ಕೊಳ್ಳಹೋಗಿ ಕುಟುಂಬ ಸಮೇತ ಜೈಲಿಗೆ ಹೋಗುವ ಕಾಲ ಬಂತಲ್ಲ ಎಂದು ದಂತವೈದ್ಯರ ಹಣೆಯಲ್ಲಿ ಬೆವರೊಡೆಯಿತು. ಹೆಂಡತಿ ತಾಯಿಯ ಕಿವಿಯಲ್ಲಿ "ಮಗ ಅನ್ನಮ್ಮ, ಮಗ ಅನ್ನು" ಎಂದು ಗೋಗರೆದಳು.

"ಅಯ್ಯೋ, ಬಾಯಿ ತಪ್ಪಿ ಬಂತಮ್ಮ" ಎಂದರು ಅತ್ತೆ. "ಮಗನೇ. ಸ್ವಲ್ಪ ಬೆಳವಣಿಗೆ ಜಾಸ್ತಿ, ಅಷ್ಟೇ."

ಹೀಗೆ ಐವತ್ತು ದಾಟಿದ ದಂತವೈದ್ಯರಿಗೆ ಅವರ ಅತ್ತೆ ವಿಧಿವತ್ತಾಗಿ ಪೋಷಕರಾದರು, ಅತ್ತೆಯ ಫೋನ್ ನಂಬರೂ ದಾಖಲಾಯಿತು. ಕರಡಿಮರಿ ಚಪ್ಪಾಳೆ ತಟ್ಟಿತು. ಆದರೆ ಸಿನಿಮಾ ಮನೆಯ ಟಿವಿಯಲ್ಲಿ ಬರಲೊಲ್ಲದು. ಮಗುವಿನ ಖಾತೆ ಒಂದೇ ಪರದೆಗೆ ಕಟ್ಟಿದ್ದು. ಬೇರೆ ಪರದೆ ಸೇರಿಸಬೇಕಾದರೆ ಒಂದು ತಿಂಗಳು ಕಾಯಬೇಕು. ಕಟ್ಟಿದ ಪರದೆ ಯಾವುದು? ಕ್ಲಿನಿಕ್ಕಿನ ಚಾವಣಿಯಲ್ಲಿರುವುದು.

"ಒಂದು ತಿಂಗಳು ನಾನಿರ್ತೀನೋ ಇಲ್ವೋ" ಎಂದರು ಅತ್ತೆ. ಅವರಿಗೆ ಗುಂಡುಕಲ್ಲಿನಂಥ ಆರೋಗ್ಯ. ಆದರೆ ಆ ಮಾತಿನ ಮುಂದೆ ಯಾರ ಆಟವೂ ನಡೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಕ್ಲಿನಿಕ್ಕಿನ ಬಾಗಿಲು ತೆರೆದು ಒಳಗೆ ಹೋದರು. ಅತ್ತೆ ಹಲ್ಲಿನ ಕುರ್ಚಿಯಲ್ಲಿ ಅಂಗಾತ ಪವಡಿಸಿದರು. ತಲೆಗೆ ದಿಂಬು, ಮೈಮೇಲೆ ಶಾಲು, ಬಾಯಿ ಮುಕ್ಕಳಿಸುವ ಲೋಟದಲ್ಲಿ ಕುಡಿಯುವ ನೀರು. ಚಾವಣಿಯ ಟಿವಿ ಮಲಗಿದವರಿಗೆ ಮಾತ್ರ ನೆಟ್ಟಗೆ ಕಾಣುವಂಥದು. ಹಾಗಾಗಿ ಮಗಳು ಸ್ಟೂಲಿನ ಮೇಲೆ ಕೂತು, ಅಳಿಯ ಔಷಧದ ಕಪಾಟಿಗೆ ಒರಗಿ, ಕತ್ತು ಮೇಲೆತ್ತಿದರು, ಕಾಗೆ ಎಲ್ಲಿ ಕೂತಿದೆ ಎಂದು ಹುಡುಕುವವರ ಹಾಗೆ.

ಸಿನಿಮಾ ಶುರುವಾಯಿತು. ಅತ್ತೆಯ ಮುಖವೂ ಅರಳಿತು. "ಈ ಸೀರೆ ನನ್ನ ಹತ್ರನೂ ಇತ್ತು." "ಇಲ್ಲಿ ನಿಮ್ಮ ಮಾವ ಜೋರಾಗಿ ನಕ್ಕು ಪಕ್ಕದೋರ ಹತ್ರ ಬೈಸಿಕೊಂಡ್ರು." "ಈಗ ನೋಡಿ, ಪಿಟೀಲು ಮಾರ್ತಾನೆ, ದರಿದ್ರದವನು." ದಂತವೈದ್ಯರು ಉತ್ಸಾಹ ತಡೆಯಲಾರದೆ ಒಮ್ಮೆ ಕುರ್ಚಿಯ ಪೆಡಲು ತುಳಿದುಬಿಟ್ಟರು, ಅತ್ತೆ ಶಾಲು ಸಮೇತ ಅರ್ಧ ಮಾರು ಮೇಲೇರಿದರು. "ಬಾಲ್ಕನಿ ಟಿಕೆಟ್ಟೇನು?" ಎಂದರು ಅತ್ತೆ. ಎಷ್ಟೋ ದಿನಗಳ ಮೇಲೆ ಅವರ ಬಾಯಲ್ಲಿ ಬಂದ ತಮಾಷೆ ಅದು. ಮಗಳ ಕಣ್ಣು ತುಂಬಿ ಬಂತು.

ನಾಯಕಿ ಬಾಗಿಲಿಗೆ ಬಂದಳು. ಡ್ರೈವರು ಹೊಸ್ತಿಲಲ್ಲಿ ನಿಂತ. ದಢಾರ್! ಬಾಗಿಲು ಬಿತ್ತು. ಅತ್ತೆ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಪರದೆಯ ಮೇಲೆ ಕರಡಿಮರಿ ಬಂತು.

"ಇವತ್ತಿಗೆ ಸಾಕು ಪುಟ್ಟಾ! ಕಣ್ಣಿಗೆ ವಿಶ್ರಾಂತಿ ಬೇಡವೇ? ಮುಂದೆ ನೋಡಬೇಕಾದರೆ ಪೋಷಕರು ತಮ್ಮ ಫೋನಿನಲ್ಲಿ ಅನುಮತಿ ಕೊಡಲಿ."

"ಅಮ್ಮಾ, ನಿನ್ನ ಫೋನ್ ಎಲ್ಲಿ?"

"ಚಾರ್ಜಿಗೆ ಹಾಕಿದ್ದೆ. ಅಡುಗೆಮನೇಲಿ." ಅತ್ತೆ ಚಾವಣಿಯನ್ನೇ ನೋಡುತ್ತ ನಿಟ್ಟುಸಿರು ಬಿಟ್ಟರು. "ಹೋದ ಸಲ ಇದೇ ಜಾಗದಲ್ಲಿ ನೀನು ಅಡ್ಡ ಬಂದೆ. ಈ ಸಲ ಕರಡಿ. ನನ್ನ ಹಣೇಲಿ ಕೊನೆ ಬರೆದೇ ಇಲ್ಲ ಬಿಡು."

ಆ ಮಾತು ದಂತವೈದ್ಯರ ಎದೆಗೆ ನಾಟಿತು. ಸ್ಕೂಟರು ಏರಿ, ಸೇತುವೆಯ ಕೆಳಗೆ ಗಾಳಿಯಂತೆ ಹಾರಿ, ಮನೆಗೆ ಹೋಗಿ, ಫೋನನ್ನು ಕಿತ್ತುಕೊಂಡು ತಿರುಗಿ ಬಂದರು. ಅವಸರದಲ್ಲಿ ಚಾರ್ಜರಿನ ಜೊತೆ ಗೋಡೆಯ ಪ್ಲಗ್ಗೂ ಕಿತ್ತು ಬಂದಿತ್ತು, ಬಾಲದಂತೆ ನೇತಾಡುತ್ತಿತ್ತು. ಏದುಸಿರು ಬಿಡುತ್ತ ಫೋನನ್ನು ಅತ್ತೆಯ ಕೈಗಿಟ್ಟರು. ಅದರಲ್ಲಿ "ನಿಮ್ಮ ಮಗುವಿಗೆ ಮುಂದೆ ನೋಡಲು ಬಿಡಬಹುದೇ?" ಎಂಬ ಪ್ರಶ್ನೆ ಹೊಳೆಯುತ್ತಿತ್ತು.

ಅತ್ತೆ ಕನ್ನಡಕ ಏರಿಸಿ ಅಳಿಯನನ್ನು ನೋಡಿದರು.

"ಹಲ್ಲುಜ್ಜಿದೀರಾ?"

"ಅತ್ತೇ!"

"ಪೋಷಕಿ ಅಂದಮೇಲೆ ಕೇಳಬೇಕಲ್ಲ" ಎಂದು ಅತ್ತೆ 'ಬಿಡಬಹುದು' ಒತ್ತಿದರು.

ಎರಡನೆಯ ಭಾಗ ಸಾಗಿತು. ಡ್ರೈವರು ದೂರದ ಊರಿಗೆ ಹೋದ, ನಾಯಕಿ ಕಿಟಕಿಯಲ್ಲಿ ಕೂತು ಸೊರಗಿದಳು, ಒಂದು ಹಾಡು ಬಂದು ಹೋಯಿತು. ಆಮೇಲೆ ಅವಳು ಚಪ್ಪಲಿಯನ್ನೂ ಮೆಟ್ಟದೆ ರೈಲಿನ ಹಿಂದೆ ಓಡಿದಳು. ಸೇತುವೆಯ ಮೇಲೆ ರೈಲು ನಿಂತಿತು. "ತಪ್ಪೆಲ್ಲ ನನ್ನದೇ" ಎಂದು ಅತ್ತಳು. ಡ್ರೈವರು ಇಂಜಿನ್ನಿನಿಂದ ತಲೆ ಹೊರಹಾಕಿ, ಹೆಂಡತಿಯಾದವಳು ಹೇಗಿರಬೇಕು ಎಂಬ ವಿಷಯವಾಗಿ ದೀರ್ಘ ಉಪನ್ಯಾಸ ಮಾಡಿದ. ಹಿಂದಿನ ಡಬ್ಬಿಗಳ ಪ್ರಯಾಣಿಕರೆಲ್ಲ ಅದನ್ನು ಕೇಳಿ ಕಣ್ಣೊರೆಸಿಕೊಂಡರು. ಶುಭಂ. ಕ್ಷಮೆಯಿಲ್ಲ, ಕಾಫಿಯಿಲ್ಲ. ಪಿಟೀಲಿನ ಮಾತನ್ನು ಯಾರೂ ಎತ್ತಲೂ ಇಲ್ಲ.

ದಂತವೈದ್ಯರಿಗೆ ಭೂಮಿ ಬಾಯ್ದೆರೆದು ನುಂಗಬಾರದೇ ಅನ್ನಿಸಿತು. ಮಾವ ಸುಳ್ಳುಗಾರ ಎಂಬುದಕ್ಕೆ ಸಾಕ್ಷಿಯನ್ನು ಕೈಯಾರೆ ದುಡ್ಡು ಕೊಟ್ಟು, ಅತ್ತೆಯನ್ನು ಅಂಗಾತ ಮಲಗಿಸಿ ತೋರಿಸಿದಂತಾಗಿತ್ತು. ಅತ್ತೆಯ ಭುಜಗಳು ಅಲುಗುತ್ತಿದ್ದವು. ದಂತವೈದ್ಯರು ಗಾಬರಿಯಿಂದ ಹತ್ತಿಯ ಡಬ್ಬಿಯನ್ನೇ ಮುಂದೆ ಹಿಡಿದರು.

ಅತ್ತೆ ಅಳುತ್ತಿರಲಿಲ್ಲ. ನಗುತ್ತಿದ್ದರು. ಅಥವಾ ಎರಡೂ ಇತ್ತೋ ಏನೋ, ಹತ್ತಿಯನ್ನೂ ತೆಗೆದುಕೊಂಡರು.

"ಅಮ್ಮಾ, ಅಪ್ಪ..."

"ನಿಮ್ಮಪ್ಪ ಈ ದರಿದ್ರ ಕೊನೆ ನೋಡಿ ಬಂದಿದಾರೆ ಕಣೇ. ಬಾಣಂತಿಗೆ ಇದನ್ನ ಹೇಗೆ ಹೇಳೋದು ಅಂತ ದಾರಿ ಪೂರ್ತಿ ಯೋಚನೆ ಮಾಡಿ, ಬೇರೆ ಕೊನೆ ಕಟ್ಟಿದಾರೆ. ಕಟ್ಟಿದ್ದಷ್ಟೇ ಅಲ್ಲ, ಕಟ್ಟಿದ ತಪ್ಪಿಗೆ ಸಾಯೋವರೆಗೂ ಹಾಗೇ ನಡ್ಕೊಂಡ್ರು. ಒಂದು ಸುಳ್ಳಿಗೆ ಎಷ್ಟು ಲೋಟ ಕಾಫಿ ಮಾಡಿದ್ರೇ, ಪಾಪ!" ಅತ್ತೆ ಕಣ್ಣೊರೆಸಿಕೊಂಡು ಎದ್ದು ಕೂತರು. "ನಡೀರಿ ಮನೆಗೆ. ಮೊದಲು ಫೋಟೊ ಈ ಕಡೆ ತಿರುಗಿಸ್ಬೇಕು. ಆಮೇಲೆ ನನಗೊಂದು ಸ್ಟ್ರಾಂಗ್ ಕಾಫಿ."

ಮಗಳು ತಾಯಿಯನ್ನು ತಬ್ಬಿಕೊಂಡಳು. ದಂತವೈದ್ಯರಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಇಷ್ಟೆಲ್ಲ ಪಾಡು ಪಟ್ಟದ್ದಕ್ಕೆ ಒಂದು ಒಳ್ಳೆಯ ಮಾತು ಬರಬಹುದೆಂದು ಮೀಸೆ ಸರಿಮಾಡಿಕೊಂಡು ನಿಂತರು.

"ಏನು ಅಳಿಯಂದಿರೇ" ಎಂದರು ಅತ್ತೆ, "ನಿಮ್ಮ ಮಾವ ಪುಕ್ಕಟೆ ಅಷ್ಟು ಒಳ್ಳೇ ಕೊನೆ ಕೊಟ್ಟಿದ್ರು. ನೀವು ದುಡ್ಡು ಸುರಿದು ಇಂಥದ್ದನ್ನ ತಂದ್ರಲ್ಲ!"

ಫೋನು ಮತ್ತೆ ಮಿನುಗಿತು. "ಈ ಚಿತ್ರ ನಿಮ್ಮ ಮಗುವಿಗೆ ತಕ್ಕುದಾಗಿತ್ತೇ?" ಅತ್ತೆ ಒಂದು ಕ್ಷಣವೂ ಯೋಚಿಸದೆ 'ಇಲ್ಲ' ಒತ್ತಿದರು. "ಇಂಥದ್ದು ನೋಡಿದ್ರೆ ಗಂಡುಮಕ್ಕಳು ಕೆಟ್ಟುಹೋಗ್ತಾರೆ." ಚಾವಣಿಯಲ್ಲಿ ಕರಡಿಮರಿ ಕೈಬೀಸಿತು. ರಾಜಾರೋಷವಾಗಿ ಕೊಂಡ ಸಿನಿಮಾ ಅಲ್ಲಿಗೆ ಮಾಯವಾಯಿತು.

ಮನೆಯ ಮುಂದೆ ಎದುರುಮನೆ ಟೀಚರು ಗೇಟು ಹಿಡಿದು ಕಾಯುತ್ತಿದ್ದರು.

"ನೋಡಿದ್ರಾ? ನಾನು ಹೇಳಿದ್ದೇ ಸರಿ ತಾನೇ?"

"ನೋಡಿದೆ ಕಣ್ರೀ" ಎಂದರು ಅತ್ತೆ, ಕಣ್ಣು ಪಿಳುಕಿಸದೆ. "ಬಾಗಿಲಲ್ಲಿ ನಿಂತು ತಪ್ಪು ಒಪ್ಕೊಂಡ. ಕಾಫಿ ಮಾಡಿ ಕೊಟ್ಟ. ಲೋಟಾನೂ ಅವನೇ ತೊಳೆದಿಟ್ಟ."

ಲೋಟ ತೊಳೆಯುವುದು ಮಾವನ ಕಥೆಯಲ್ಲೂ ಇರಲಿಲ್ಲ. ಅದು ಅತ್ತೆ ಆಗ ತಾನೇ ಸೇರಿಸಿದ್ದು.

"ಮತ್ತೆ ನಾನು ನೋಡಿದ್ದು?"

"ಕದ್ದಿದ್ದು ತಾನೇ? ಕದ್ದ ಮಾಲಿನಲ್ಲಿ ಎಲ್ಲ ಸರಿಯಾಗಿರತ್ತಾ? ನಮ್ಮ ಅಳಿಯಂದಿರು ದುಡ್ಡು ಕೊಟ್ಟು ತಂದಿದ್ದು. ಅಸಲಿ."

ಟೀಚರು ಒಪ್ಪಲಾರದೆ ದಂತವೈದ್ಯರ ಕಡೆ ತಿರುಗಿದರು. "ನೀವು ಹೇಳಿ ಡಾಕ್ಟ್ರೇ. ನೋವಾಗತ್ತೆ ಅಂತ ಮೊದಲೇ ಹೇಳಿ ಹಲ್ಲು ಕೀಳೋರು ನೀವು. ನಿಮ್ಮ ಮಾತು ನಂಬ್ತೀನಿ."

ದಂತವೈದ್ಯರಿಗೆ ಒಂದು ಕಡೆ ಜೀವಮಾನದ ಸತ್ಯನಿಷ್ಠೆ. ಇನ್ನೊಂದು ಕಡೆ ಅತ್ತೆಯ ಮುಖ. ಎಷ್ಟೋ ದಿನಗಳ ಮೇಲೆ ನಗುತ್ತಿದ್ದ ಮುಖ. ಹೆಂಡತಿ ಅವರ ಕಾಲನ್ನು ಮೆಲ್ಲಗೆ ತುಳಿದಳು. ಅದರ ಅಗತ್ಯವಿರಲಿಲ್ಲ.

"ಹೌದು ಟೀಚರ್" ಎಂದರು. "ಕಾಫಿ ಮಾಡ್ತಾನೆ. ಲೋಟ ತೊಳೀತಾನೆ."

ಆಶ್ಚರ್ಯವೆಂದರೆ, ಅವರಿಗೆ ಒಂದಿಷ್ಟೂ ನೋವಾಗಲಿಲ್ಲ. ಹಾಯೆನಿಸಿತು.

"ಹಾಗಾದ್ರೆ ನನಗೂ ಆ ಅಸಲಿದೇ ತೋರಿಸಿಬಿಡಿ ಡಾಕ್ಟ್ರೇ" ಎಂದು ಟೀಚರು ಸೆರಗು ಸರಿಮಾಡಿಕೊಂಡು ಗೇಟು ದಾಟಿ ಬಂದೇಬಿಟ್ಟರು. "ಈಗಲೇ ಬರ್ತೀನಿ."

ದಂತವೈದ್ಯರ ಹಾಯೆಲ್ಲ ಹಾರಿಹೋಯಿತು. ಅತ್ತೆ ಮುಂದೆ ಬಂದು, ನರೆತ ಮೀಸೆಯ ಅಳಿಯನ ಬೆನ್ನ ಮೇಲೆ ಅಕ್ಕರೆಯಿಂದ ಕೈಯಿಟ್ಟರು.

"ಅದಾಗಲ್ಲ ಕಣ್ರೀ. ನಾನೇ ಬೇಡ ಅಂದಿದೀನಿ. ಹುಡುಗ ಇನ್ನೂ ಚಿಕ್ಕೋನು."